ಸೈಲೆನ್ಸರ್ ತುಕ್ಕು: ಉಜ್ಜೋ ಮೊದಲು ನೋಡಬೇಕಾದ್ದು

ಅಕ್ಕನ ಮಗ ಗೋವಾದ ವಾಸ್ಕೋಗೆ ಕೆಲಸಕ್ಕೆ ಬಂದು ಎರಡು ಮಳೆಗಾಲ ಆಯಿತು. ಬರುವಾಗ ಗದಗಿನಿಂದ ತನ್ನ ನೂರು ಸಿಸಿ ಗಾಡಿಯನ್ನೂ ತಂದ. ಅಲ್ಲಿ ಆರು ವರ್ಷ ಮಿರಮಿರ ಅಂತಿದ್ದ ಸೈಲೆನ್ಸರ್ ಇಲ್ಲಿ ಬೈನಾ ಬೀಚಿನ ಹತ್ತಿರದ ಬಾಡಿಗೆ ಮನೆ ಮುಂದೆ ನಿಂತು ನಿಂತು ಬೆಲ್ಲದ ಬಣ್ಣಕ್ಕೆ ತಿರುಗಿತು. ಮೊನ್ನೆ ಭಾನುವಾರ ಗಾಡಿ ತಂದು ನಿಲ್ಲಿಸಿ, "ಮಾಮಾ, ಎರಡ ಸಲ ಉಜ್ಜಿ ಬಣ್ಣ ಹಚ್ಚೇನಿ, ಮತ್ತ ಕೆಂಪ ಹೊಂಟೈತಿ. ಈಗ ಸೌಂಡೂ ಬ್ಯಾರೆ ಆಗೈತಿ" ಅಂದ.

ನಾನು ಇಲ್ಲಿ ಹಡಗು ರಿಪೇರಿ ಮಾಡುವ ಕಡೆ ಬಣ್ಣದ ಕೆಲಸದವನು. ಹೆಸರಿಗೆ ಪೇಂಟರ್, ಮುಕ್ಕಾಲು ದಿನ ಮಾಡೋದು ಜಂಗು ತೆಗೆಯೋ ಕೆಲಸವೇ. ಅಳಿಯ ಮಾಡಿದ ತಪ್ಪನ್ನೇ ಹಡಗಿನ ಮೇಲೆ ಹೊಸ ಹುಡುಗರೂ ಮಾಡುತ್ತಾರೆ: ಕೆಂಪು ಕಂಡ ಕೂಡಲೇ ಎಮರಿ ಪೇಪರ್ ಹಿಡಿಯೋದು. ನೀರು ಎಲ್ಲಿಂದ ಬಂತು ಅಂತ ಗೊತ್ತಾಗದೆ ಉಜ್ಜಿದರೆ ಬಣ್ಣದ ಡಬ್ಬಿ ಖಾಲಿಯಾಗುತ್ತದೆ, ತುಕ್ಕು ಅಲ್ಲೇ ಇರುತ್ತದೆ. ಸಮುದ್ರದ ಪಕ್ಕ ಗಾಡಿ ಇಟ್ಟುಕೊಂಡ ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ, ಅವತ್ತು ನೋಡಿದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು, ಅದು ತುಕ್ಕೇ ಹೌದಾ?

ಗೋವಾದಲ್ಲಿ ಈ ಪ್ರಶ್ನೆ ಕೇಳಲೇಬೇಕು. ಇಲ್ಲಿಯ ಮಣ್ಣೇ ಕೆಂಪು, ಆ ಕೆಂಪು ಬಂದಿರೋದೂ ಕಬ್ಬಿಣದ ಆಕ್ಸೈಡಿನಿಂದಲೇ. ಮಳೆಯಲ್ಲಿ ಮುಂದಿನ ಚಕ್ರ ಎರಚಿದ ಕೆಸರು, ಎಂಜಿನ್ನಿನಿಂದ ಸೈಲೆನ್ಸರಿಗೆ ಬರುವ ಬಿಸಿ ಬೆಂಡ್ ಪೈಪಿನ ಮೇಲೆ ಬಿದ್ದು ಹೆಂಚಿನ ಮೇಲಿನ ಹಿಟ್ಟಿನ ಹಾಗೆ ಕಚ್ಚಿಕೊಳ್ಳುತ್ತದೆ. ದೂರದಿಂದ ಪಕ್ಕಾ ತುಕ್ಕು. ಗಾಡಿ ಪೂರ್ತಿ ಆರಿದ ಮೇಲೆ ಸೋಪು ನೀರಿನ ಬಟ್ಟೆ ಐದು ನಿಮಿಷ ಸುತ್ತಿಡಿ, ಆಮೇಲೆ ಒರೆಸಿ. ಬಟ್ಟೆಗೆ ಕೆಂಪು ಬಂದು ಕೆಳಗೆ ನುಣ್ಣನೆಯ ಲೋಹ ಕಂಡರೆ ಮಣ್ಣು. ಬೆರಳ ತುದಿಗೆ ಸಕ್ಕರೆ ಹರಳಿನ ಹಾಗೆ ಒರಟು ಸಿಕ್ಕರೆ ತುಕ್ಕು. ಮಣ್ಣೇ ಆಗಿದ್ದರೂ ಬಿಡಬೇಡಿ. ಅದು ಉಪ್ಪನ್ನೂ ತೇವವನ್ನೂ ಹಿಡಿದಿಟ್ಟುಕೊಂಡು ಕೆಳಗಿನ ಕಬ್ಬಿಣವನ್ನು ಮೆಲ್ಲಗೆ ತಿನ್ನಿಸುತ್ತದೆ.

ಇನ್ನೊಂದು ಮೋಸ ಸ್ಟೇನ್‌ಲೆಸ್ ಸ್ಟೀಲಿನ ಪೈಪಿನದು. ಎಂಜಿನ್ ಬಾಯಿಯ ಹತ್ತಿರ ಬಂಗಾರದ ಬಣ್ಣ, ಆಮೇಲೆ ನೇರಳೆ, ಆಮೇಲೆ ನೀಲಿ ಬಂದಿದ್ದರೆ ಅದು ಬಿಸಿಗೆ ಬಂದ ಬಣ್ಣ, ತುಕ್ಕಲ್ಲ. ಅದನ್ನು ಉಜ್ಜಿ ತೆಗೆದರೆ ನಾಲ್ಕು ದಿನದಲ್ಲಿ ಮತ್ತೆ ಬರುತ್ತದೆ, ಬರಲಿ. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡುವವರಿದ್ದಾರೆ. ಅಂಟಲಿಲ್ಲ ಅಂದರೆ ಒಳ್ಳೆಯ ಸ್ಟೇನ್‌ಲೆಸ್ ಅನ್ನೋದು ಬಹುಪಾಲು ಸರಿ. ಆದರೆ ಅಂಟಿತು ಅಂದಮಾತ್ರಕ್ಕೆ ಸಾದಾ ಕಬ್ಬಿಣ ಅನ್ನೋ ಹಾಗಿಲ್ಲ. ಸೈಲೆನ್ಸರಿಗೆ ಬಳಸುವ 409 ದರ್ಜೆಯ ಸ್ಟೇನ್‌ಲೆಸ್ಸಿಗೂ ಮ್ಯಾಗ್ನೆಟ್ ಅಂಟುತ್ತದೆ. ಅದರಲ್ಲಿ ಕ್ರೋಮಿಯಂ ಸುಮಾರು 11 ಶೇಕಡಾ ಮಾತ್ರ, ಹಾಗಾಗಿ ಮೇಲ್ಮೈಗೆ ಕಂದು ಛಾಯೆ ಬೇಗ ಬರುತ್ತದೆ, ತೂತು ಬೀಳಲು ಮಾತ್ರ ವರ್ಷಗಟ್ಟಲೆ ಬೇಕು.

ಎಲ್ಲಿ ಹಿಡಿದಿದೆ, ಅದೇ ಕಾರಣ ಹೇಳುತ್ತದೆ

ಬೆಂಡ್ ಪೈಪಿನ ಮುಂಭಾಗ, ಅಂದರೆ ಗಾಳಿಗೂ ಕೆಸರಿಗೂ ಎದೆಯೊಡ್ಡುವ ಕಡೆ, ಒಂದೇ ಸಮ ಕಂದು ಬಂದಿದ್ದರೆ ಕಾರಣ ಸೀದಾ. ಬಣ್ಣ ಬಿಸಿಗೆ ಸುಟ್ಟು ಹೋಗಿದೆ, ಬರಿ ಕಬ್ಬಿಣಕ್ಕೆ ಉಪ್ಪುಗಾಳಿ ಬಡಿಯುತ್ತಿದೆ. ನೋಡಲು ಕೆಟ್ಟದು, ಆದರೆ ಅಪಾಯ ಕಡಿಮೆ. ಆ ಪೈಪು ದಿನಾ ಕಾದು ಒಣಗುತ್ತದೆ.

ಸೈಲೆನ್ಸರ್ ಗಾರ್ಡಿನ ಅಡಿ, ಕ್ಲಾಂಪಿನ ಕೆಳಗೆ, ಬ್ರಾಕೆಟ್ ವೆಲ್ಡ್ ಮಾಡಿದ ಜಾಗದಲ್ಲಿ ಗೆರೆ ಗೆರೆಯಾಗಿ ಬಂದಿದ್ದರೆ ನೀರು ಸಂದಿಯಲ್ಲಿ ನಿಲ್ಲುತ್ತಿದೆ ಅಂತ. ಗಾರ್ಡ್ ಬಿಚ್ಚಿ ನೋಡಿ, ಹೊರಗೆ ಕಾಣುವುದರ ಎರಡರಷ್ಟು ಒಳಗೆ ಇರುತ್ತದೆ. ಕ್ರೋಮಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ ಇದ್ದರೆ ಪದರದಲ್ಲಿ ಸೂಜಿಮೊನೆಯಷ್ಟು ರಂಧ್ರಗಳಾಗಿವೆ. ಹೊಳೆಯುವ ಕ್ರೋಮ್ ಒಂದು ಮೈಕ್ರಾನಿಗಿಂತ ತೆಳು, ಕಬ್ಬಿಣವನ್ನು ನಿಜವಾಗಿ ಕಾಯುವುದು ಅದರ ಕೆಳಗಿನ ನಿಕಲ್. ಉಪ್ಪು ಆ ರಂಧ್ರ ಹಿಡಿದು ಕೆಳಗಿಳಿದಿದೆ.

ಇವೆಲ್ಲ ಹೊರಗಿನ ರೋಗ. ಸೈಲೆನ್ಸರಿನ ಹೊಟ್ಟೆಯ ಅಡಿಭಾಗ, ಹಿಂಬದಿಯ ತಗ್ಗು, ಉದ್ದಕ್ಕೆ ಹಾದ ಹೊಲಿಗೆ, ಈ ಜಾಗಗಳಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ಕೆರೆದಾಗ ಹಪ್ಪಳದ ಹಾಗೆ ಚಕ್ಕೆ ಬಂದರೆ, ಅದು ಒಳಗಿಂದ ಹೊರಗೆ ಬಂದ ತುಕ್ಕು. ಅಳಿಯನ ಗಾಡಿಯದು ಇದೇ. ಮೇಲುಗಡೆ ಅಲ್ಲಲ್ಲಿ ಗುಳ್ಳೆ ಬಿಟ್ಟರೆ ಎರಡು ಕೋಟು ಬೆಳ್ಳಿ ಬಣ್ಣ ಹೊಳೀತಿತ್ತು. ನಾನು ನೆಲಕ್ಕೆ ಗೋಣಿಚೀಲ ಹಾಸಿ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೇಲೆ ಬಡಿದೆ: ಠಣ್. ಅಡಿಗೆ ಬಡಿದೆ: ಬದ್. ತುದಿಯಿಂದ ಸ್ವಲ್ಪ ಒತ್ತಿದೆ ಅಷ್ಟೆ, ಚರ್ ಅಂತ ಒಳಗೆ ಹೋಯಿತು. ಹೊರಗೆ ಎಳೆದಾಗ ಮೂಗಿನ ಮೇಲೆ ಕರಿ ಕಂದು ನೀರು ನಾಲ್ಕು ಹನಿ ಬಿತ್ತು. ಮಸಿ, ತುಕ್ಕು ಎರಡೂ ಕಲೆತ ನೀರು.

ಹೊಟ್ಟೆಯೊಳಗೆ ನೀರು ಎಲ್ಲಿಂದ ಬಂತು

"ಮಳಿ ನೀರು ಹೊಕ್ಕೈತಿ" ಅಂದ ಅಳಿಯ. ಸ್ವಲ್ಪ ಹೊಕ್ಕಿರಬಹುದು. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಗದಗಿನವರಿಗೆ ಊಹಿಸಲೂ ಆಗದ ಲೆಕ್ಕ. ಆದರೆ ಹೆಚ್ಚಿನ ನೀರು ಬಂದಿರೋದು ಪೆಟ್ರೋಲಿನಿಂದ.

ಪೆಟ್ರೋಲ್ ಉರಿದರೆ ಬರೀ ಹೊಗೆ ಬರೋದಿಲ್ಲ, ನೀರೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು, ಆವಿಯಾಗಿ. ಎಥೆನಾಲ್ ಬೆರೆಸಿದ ಪೆಟ್ರೋಲಿನಲ್ಲೂ ಲೆಕ್ಕ ಹೆಚ್ಚು ಕಡಿಮೆ ಅಷ್ಟೇ, ಸುಮ್ಮನೆ ಅದರ ಮೇಲೆ ಗೂಬೆ ಕೂರಿಸಬೇಡಿ. ಅಳಿಯನ ಮನೆಯಿಂದ ಕೆಲಸಕ್ಕೆ ಎರಡು ಕಿಲೋಮೀಟರ್. ಹೋಗಿ ಬಂದು ನಾಲ್ಕು. ಲೀಟರಿಗೆ ಅರವತ್ತು ಕೊಡುವ ಗಾಡಿ ಅಂದರೂ ದಿನಕ್ಕೆ ಅರವತ್ತಾರು ಮಿಲಿಲೀಟರ್ ಪೆಟ್ರೋಲ್, ಅಂದರೆ ಒಂದು ಸಣ್ಣ ಚಹಾ ಲೋಟದಷ್ಟು ನೀರು. ಉದ್ದ ಓಡಿದರೆ ಇದೆಲ್ಲ ಆವಿಯಾಗಿಯೇ ಹಿಂದಿನಿಂದ ಹೊರಟು ಹೋಗುತ್ತದೆ. ಐದು ನಿಮಿಷದ ಓಟದಲ್ಲಿ ಬೆಂಡ್ ಪೈಪ್ ಕಾಯುತ್ತದೆ, ಹಿಂದಿನ ದಪ್ಪ ಹೊಟ್ಟೆ ಕಾಯೋದಿಲ್ಲ. ತಣ್ಣನೆಯ ತಗಡಿಗೆ ಆವಿ ತಾಗಿ ಹನಿಗಟ್ಟುತ್ತದೆ, ಹೊಗೆಯಲ್ಲಿರುವ ಆಮ್ಲದ ಅಂಶವನ್ನೂ ಕರಗಿಸಿಕೊಂಡು ತಳದಲ್ಲಿ ಕೂರುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ನೋಡಿದ್ದೀರಲ್ಲ, ಅದೇ.

ಇದು ಕಂಪನಿಯವರಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಬಹಳಷ್ಟು ಸೈಲೆನ್ಸರುಗಳ ತಳದಲ್ಲಿ, ಹಿಂಬದಿಗೆ, ಕಡ್ಡಿ ಹೋಗುವಷ್ಟು ಒಂದು ತೂತು ಕೊಟ್ಟಿರುತ್ತಾರೆ. ನೀರು ಇಳಿಯಲಿ ಅಂತ. ಅಳಿಯನ ಸೈಲೆನ್ಸರಿನಲ್ಲಿ ಆ ತೂತು ಹುಡುಕಿದೆ, ಸಿಗಲಿಲ್ಲ. ಬಣ್ಣ ಕೆರೆದೆ. ಬೂದು ಬಣ್ಣದ ಪುಟ್ಟಿ ಕಂಡಿತು.

"ಇದೇನೋ?"

"ಅಲ್ಲಿಂದ ದಿನಾ ಮುಂಜಾನೆ ನೀರ ಸೋರ್ತಿತ್ತು ಮಾಮಾ. ತೂತ ಬಿದ್ದೈತಿ ಅಂತ ಹೇಳಿ ನಾನಽ ಮುಚ್ಚಿದೆ."

ಬೈಯಲೂ ಮನಸ್ಸು ಬರಲಿಲ್ಲ. ಸೋರುವುದನ್ನು ನಿಲ್ಲಿಸಬೇಕು ಅನ್ನೋದು ಯಾರಿಗಾದರೂ ಹೊಳೆಯೋ ಮಾತೇ. ಇಲ್ಲಿ ಮಾತ್ರ ಸೋರಬೇಕು. ನಿಮ್ಮ ಗಾಡಿಯಲ್ಲಿ ತೂತಿದ್ದರೆ ತಿಂಗಳಿಗೊಮ್ಮೆ ತೆಳು ತಂತಿ ಆಡಿಸಿ ಮಸಿ ಕೆಡವಿ. ಇಲ್ಲದಿದ್ದರೆ ಹೊಸದಾಗಿ ಕೊರೆಯಲು ಹೋಗಬೇಡಿ. ಒಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಗೋಡೆಗೆ ಗೋಡೆ ಏನೇನೋ ಇರುತ್ತವೆ, ಎಲ್ಲಿ ಕೊರೆದರೆ ಏನು ಹಾಳಾಗುತ್ತದೋ. ಬದಲಿಗೆ ವಾರಕ್ಕೊಮ್ಮೆ ಗಾಡಿಯನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಓಡಿಸಿ. ವಾಸ್ಕೋದಿಂದ ಮಡಗಾಂವಿಗೆ ಹೋಗಿ ಮೀನು ಊಟ ಮಾಡಿ ಬಂದರೆ ಸೈಲೆನ್ಸರಿಗೂ ನಿಮಗೂ ಸಾಕು. ಮನೆ ಮುಂದೆ ಎರಡು ನಿಮಿಷ ಗಾಡಿ ಚಾಲೂ ಮಾಡಿ ಆಫ್ ಮಾಡುವ ಅಭ್ಯಾಸ ಮಾತ್ರ ಬಿಡಿ. ಅದು ನೀರು ತುಂಬಿಸುವ ಕೆಲಸ, ಒಣಗಿಸುವುದಲ್ಲ.

ಸರ್ವಿಸಿಂಗಿನಲ್ಲಿ ಪ್ರೆಷರ್ ನೀರು ಹೊಡೆಯುವವರು ಹಿಂದಿನ ಬಾಯಿಗೆ ನೇರ ಹೊಡೆಯುವುದೂ ಉಂಟು. ತೊಳೆಯಲು ಕೊಡುವ ಮೊದಲು ಬಾಯಿಗೆ ಪ್ಲಾಸ್ಟಿಕ್ ಚೀಲ ತುರುಕಿ, ಆಮೇಲೆ ತೆಗೆಯಲು ಮರೆಯಬೇಡಿ.

ಸೋರಿಕೆ ಇದೆಯಾ ಅಂತ ತಿಳಿಯೋದು

ತೂತು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಸಿಗುತ್ತದೆ. ಗಾಡಿ ತಣ್ಣಗಿರುವಾಗ, ಬಯಲಲ್ಲಿ, ಚಾಲೂ ಮಾಡಿ. ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದ ವಿಷ. ದಪ್ಪ ಒದ್ದೆ ಬಟ್ಟೆ ಮಡಚಿ ಹಿಂದಿನ ಬಾಯಿಗೆ ಎರಡು ಮೂರು ಸೆಕೆಂಡು ಒತ್ತಿ. ಪೈಪ್ ಗಟ್ಟಿ ಇದ್ದರೆ ಎಂಜಿನ್ ಉಸಿರುಗಟ್ಟಿ ಬಂದ್ ಆಗಲು ನೋಡುತ್ತದೆ. ಎಲ್ಲೋ ಫುಸ್ ಫುಸ್ ಅಂದರೆ ಅಲ್ಲಿ ಸೋರಿಕೆ. ಜಾಗ ಖಾತ್ರಿಯಾಗಬೇಕಾದರೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆ. ಎಂಜಿನ್ ಬಾಯಿಯ ಜೋಡಣೆಯಲ್ಲಿ ಕರಿ ಮಸಿಯ ಗೆರೆ ಇದ್ದರೆ, ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟಾಗ ಪಟ್ ಪಟ್ ಅಂತಿದ್ದರೆ, ತುಕ್ಕನ್ನು ಬಿಡಿ, ಮೊದಲು ಅಲ್ಲಿಯ ಸಂದಿ ಮುಚ್ಚುವ ಪ್ಯಾಕಿಂಗ್ ನೋಡಿ.

2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಇದು ಬರೀ ಸದ್ದಿನ ಮಾತಲ್ಲ. ಬೆಂಡ್ ಪೈಪಿನ ಹತ್ತಿರ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಅದರ ಮುಂಚೆ ಸಣ್ಣ ಸಂದಿ ಬಿಟ್ಟರೂ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಸೆನ್ಸರ್ "ಪೆಟ್ರೋಲ್ ಸಾಲದು" ಅಂತ ತಿಳಿಯುತ್ತದೆ, ಗಾಡಿ ಬೇಡದ ಪೆಟ್ರೋಲ್ ಕುಡಿಯುತ್ತದೆ. ಮೈಲೇಜ್ ಬಿದ್ದಿದೆ ಅಂತ ಏರ್ ಫಿಲ್ಟರ್, ಪ್ಲಗ್ ಎಲ್ಲಾ ಬದಲಿಸಿ ಕೊನೆಗೆ ಪ್ಯಾಕಿಂಗಿಗೆ ಬಂದವರನ್ನು ನೋಡಿದ್ದೇನೆ.

ತೊಳೆಯೋದು ಮೊದಲು, ಉಜ್ಜೋದು ಆಮೇಲೆ

ಹೊರಗಿನ ತುಕ್ಕಾದರೆ ಮನೆಯಲ್ಲೇ ಸರಿ ಮಾಡಬಹುದು. ಹಡಗಿನ ಕೆಲಸದಲ್ಲಿ ಕಬ್ಬಿಣಕ್ಕೆ ಏನೇ ಮಾಡುವ ಮೊದಲು ಸಿಹಿನೀರಿನಲ್ಲಿ ತೊಳೆಯುತ್ತೇವೆ. ಉಪ್ಪಿನ ಮೇಲೆ ಉಜ್ಜಿದರೆ ಉಪ್ಪು ಹೋಗೋದಿಲ್ಲ, ಗುಳಿಯೊಳಗೆ ಇನ್ನೂ ಆಳಕ್ಕೆ ಕೂರುತ್ತದೆ. ಆಮೇಲೆ ಬಣ್ಣದ ಕೆಳಗಿಂದ ರಾತ್ರಿಯ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಅಳಿಯನ ಎರಡು ಕೋಟಿನಲ್ಲಿ ಮೇಲ್ಭಾಗದ ಗುಳ್ಳೆಗಳಿಗೆ ಇದೇ ಕಾರಣ.

ಸೈಲೆನ್ಸರ್ ಆರಿರಬೇಕು. ಬಿಸಿ ಪೈಪಿಗೆ ತಣ್ಣೀರು ಸುರಿದರೆ ಬಣ್ಣವೂ ಬಿರಿಯುತ್ತದೆ, ಕೈಗೆ ಆವಿಯೂ ಹೊಡೆಯುತ್ತದೆ. ನಲ್ಲಿ ನೀರು ಒಳ್ಳೆಯದು. ಬೀಚಿನ ಪಕ್ಕದ ಬಾವಿಯ ನೀರು ಬಾಯಿಗೆ ತುಸು ಉಪ್ಪುಪ್ಪು ಅನಿಸಿದರೆ ಅದರಲ್ಲಿ ತೊಳೆಯೋದೂ ಒಂದೇ, ಬಿಡೋದೂ ಒಂದೇ. ಎರಡನೇ ಸಲ ಬಿಸಿನೀರು ಹಾಕಿ, ಗುಳಿಯಲ್ಲಿದ್ದ ಉಪ್ಪು ಬೇಗ ಕರಗುತ್ತದೆ.

ಆಮೇಲೆ ಏನು ಮಾಡಬೇಕು ಅನ್ನೋದು ಲೋಹ ಯಾವುದು ಅನ್ನೋದರ ಮೇಲಿದೆ. ಕ್ರೋಮ್ ಆದರೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆದು, ಗೀರು ಬೀಳೋದಿಲ್ಲ, ಸಾಸಿವೆ ಚುಕ್ಕಿಗಳು ಅಚ್ಚರಿಯಾಗುವಷ್ಟು ಚೆನ್ನಾಗಿ ಹೋಗುತ್ತವೆ. ಕ್ರೋಮ್ ಸಿಪ್ಪೆ ಏಳುತ್ತಿದ್ದರೆ ಮಾತ್ರ ಯಾವ ಉಪಾಯವೂ ನಡೆಯದು, ಅದನ್ನು ಪೂರ್ತಿ ಕೆರೆದು ಬಣ್ಣ ಹಚ್ಚುವುದೇ ಸರಿ. ಸ್ಟೇನ್‌ಲೆಸ್ಸಿಗೆ ಸಾದಾ ಕಬ್ಬಿಣದ ತಂತಿ ಬ್ರಷ್ ತಾಗಿಸಬೇಡಿ. ಅದರ ಪುಡಿ ಮೇಲ್ಮೈಯಲ್ಲಿ ಉಳಿದು, ಆ ಪುಡಿಗೇ ತುಕ್ಕು ಹಿಡಿದು, "ಸ್ಟೇನ್‌ಲೆಸ್ಸಿಗೂ ಜಂಗು ಬಂತು" ಅಂತ ಗೋಳಾಡಬೇಕಾಗುತ್ತದೆ. ಕರಿ ಬಣ್ಣದ ಸಾದಾ ಕಬ್ಬಿಣಕ್ಕೆ 80 ನಂಬರಿನ ಎಮರಿಯಿಂದ ಶುರು ಮಾಡಿ 180ಕ್ಕೆ ಮುಗಿಸಿ. ನುಣುಪು ಬೇಡ, ಬಣ್ಣಕ್ಕೆ ಹಿಡಿತ ಬೇಕು.

ಹುಣಸೆಹಣ್ಣು, ನಿಂಬೆ, ವಿನೆಗರ್ ಎಲ್ಲವೂ ತೆಳು ತುಕ್ಕನ್ನು ಕರಗಿಸುತ್ತವೆ. ಇಲ್ಲಿಯವರು ಸೋಲ್ ಅನ್ನುವ ಕೋಕಂ ಸಿಪ್ಪೆಯೂ ಹುಳಿಯೇ, ಆದರೆ ಅದನ್ನು ಮೀನಿನ ಸಾರಿಗೆ ಇಟ್ಟುಕೊಳ್ಳಿ. ಹುಳಿ ಹಚ್ಚಿದ ಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆಯದಿದ್ದರೆ ಮರುದಿನವೇ ಹಳದಿ ಕಟ್ಟುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಮುಟ್ಟಬೇಡಿ. ತುಕ್ಕು ನಿಮಿಷದಲ್ಲಿ ಮಾಯ ಆಗೋದು ನಿಜ, ಜೊತೆಗೆ ಕ್ರೋಮೂ ಮಾಯ. ಅದು ಬಿಟ್ಟುಹೋಗುವ ಕ್ಲೋರೈಡ್ ಸಮುದ್ರದ ಉಪ್ಪಿನಲ್ಲಿರುವುದೇ. ಆಯಿಲ್ ಸವರುವುದು, ಡೀಸೆಲ್ ಹೊಡೆಸುವುದು ಬೆಂಡ್ ಪೈಪಿಗೆ ದಂಡ, ಹೊಗೆಯಾಗಿ ಹೋಗುತ್ತದೆ. ಹಿಂದಿನ ಟೈರಿಗೆ, ಬ್ರೇಕಿಗೆ ತಾಗಿದರೆ ಪ್ರಾಣಕ್ಕೇ ಕುತ್ತು. ತುಕ್ಕನ್ನೇ ಗಟ್ಟಿ ಪದರ ಮಾಡುವ ರಸ್ಟ್ ಕನ್ವರ್ಟರ್ ದ್ರವ ಬ್ರಾಕೆಟ್ಟಿಗೆ, ಸ್ಟ್ಯಾಂಡಿಗೆ ಒಳ್ಳೆಯದು, ಕೆಂಡದಂತೆ ಕಾಯುವ ಪೈಪಿಗಲ್ಲ.

ಉಜ್ಜಿ ಆದಮೇಲೆ ನನ್ನದೊಂದು ಪರೀಕ್ಷೆ. ಹೊಳೆಯುವ ಕಬ್ಬಿಣವನ್ನು ಒದ್ದೆ ಮಾಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲ್ಲ ಕಡೆ ತೆಳು ಹಳದಿ ಬಂದಿದ್ದರೆ ಚಿಂತೆಯಿಲ್ಲ, ಒಂದು ಕೈ ಎಮರಿ ಸಾಕು. ಗುಳಿಗಳಲ್ಲಿ ಮಾತ್ರ ಕಡು ಕಿತ್ತಳೆ ಚುಕ್ಕಿ ಎದ್ದಿದ್ದರೆ ಉಪ್ಪು ಇನ್ನೂ ಅಲ್ಲಿದೆ. ಮತ್ತೆ ಬಿಸಿನೀರು, ಮತ್ತೆ ಎಮರಿ.

ಬಣ್ಣ

ಬೇಕಾದ್ದು 600 ಡಿಗ್ರಿ ತಡೆಯುವ ಸಿಲಿಕೋನ್ ಆಧಾರದ ಬಣ್ಣ, ಕಪ್ಪೋ ಬೆಳ್ಳಿಯೋ. ಹಡಗಿನ ಎಂಜಿನ್ನಿನ ಹೊಗೆ ಪೈಪಿಗೆ ಹಚ್ಚುವುದೂ ಇದೇ ಜಾತಿ. ಅಭ್ಯಾಸಬಲದಿಂದ ಕೆಳಗೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚುವವರಿದ್ದಾರೆ. ಗೇಟಿಗೆ ಸರಿ, ಇಲ್ಲಿ ಅದು ಸುಟ್ಟು ಮೇಲಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ.

ಹೊತ್ತು ನೋಡಿ ಹಚ್ಚಿ. ನಮ್ಮ ಹಡಗಿನ ಕೆಲಸದಲ್ಲಿ ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಬಿಸಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವ 85 ಶೇಕಡಾ ದಾಟಿರಬಾರದು ಅನ್ನೋದು ಕಟ್ಟುನಿಟ್ಟು. ಮೀಟರ್ ಇಲ್ಲದ ಮನೆಯಲ್ಲಿ ಇದರ ಅರ್ಥ ಇಷ್ಟೆ: ಮೇ ತಿಂಗಳ ಮೊದಲರ್ಧ, ಮಧ್ಯಾಹ್ನ, ಪೈಪು ಬಿಸಿಲಿಗೆ ಬೆಚ್ಚಗಾದ ಮೇಲೆ. ಜುಲೈ ಸಂಜೆ ಹಚ್ಚಿದರೆ ಬಣ್ಣಕ್ಕೂ ಕಬ್ಬಿಣಕ್ಕೂ ನಡುವೆ ಕಣ್ಣಿಗೆ ಕಾಣದ ನೀರಿನ ಪರದೆ ಇರುತ್ತದೆ.

ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೆ ತೆಳುವಾಗಿ ಎರಡು ಮೂರು ಕೋಟು. ಸೆನ್ಸರ್, ಟೈರು, ಬ್ರೇಕ್ ಎಲ್ಲಕ್ಕೂ ಪೇಪರ್ ಕಟ್ಟಿ. ಒಂದೇ ಸಲ ದಪ್ಪಗೆ ಬಳಿದರೆ ಮೊದಲ ಬಿಸಿಗೇ ದೋಸೆಯಂತೆ ಗುಳ್ಳೆ. ಒಂದು ರಾತ್ರಿ ಒಣಗಲಿ. ಈ ಬಣ್ಣ ಗಟ್ಟಿಯಾಗುವುದು ಬಿಸಿಯಿಂದ, ಅದನ್ನೂ ಹಂತ ಹಂತವಾಗಿ ಕೊಡಬೇಕು. ಬೆಳಿಗ್ಗೆ ಹತ್ತು ನಿಮಿಷ ಚಾಲೂ, ಪೂರ್ತಿ ಆರಲಿ. ಆಮೇಲೆ ಇಪ್ಪತ್ತು ನಿಮಿಷ, ಮತ್ತೆ ಆರಲಿ. ಮೂರನೇ ಸಲ ಓಡಿಸಿಕೊಂಡು ಹೋಗಿ. ಡಬ್ಬಿಯ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಪಾಲಿಸಿ. ವಾಸನೆ, ತುಸು ಹೊಗೆ ಬರುತ್ತದೆ, ಹೆದರಬೇಡಿ.

ತೂತು ಬಿದ್ದೇ ಬಿಟ್ಟಿದ್ದರೆ

ಪುಟ್ಟಿ ನಿಲ್ಲೋದಿಲ್ಲ. ಸುತ್ತಲಿನ ತಗಡು ಗಟ್ಟಿ ಇದ್ದರೆ ಸೈಲೆನ್ಸರ್ ಬಿಚ್ಚಿ ಗ್ಯಾಸ್ ವೆಲ್ಡಿಂಗಿನಲ್ಲಿ ತೇಪೆ ಹಾಕಿಸಬಹುದು. ತೆಳು ತಗಡಿಗೆ ಕರೆಂಟಿನ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತು ದೊಡ್ಡದಾಗುತ್ತದೆ. ಬಿಚ್ಚಿದಾಗ ಅಲ್ಲಾಡಿಸಿ ನೋಡಿ, ಒಳಗೆ ಗಲಗಲ ಅಂದರೆ ಚಕ್ಕೆಗಳೋ ಮುರಿದ ಪರದೆಯೋ ಓಡಾಡುತ್ತಿವೆ, ತೇಪೆಯ ದುಡ್ಡು ಉಳಿಸಿ ಹೊಸದು ತನ್ನಿ. ಕನ್ವರ್ಟರ್ ಇಲ್ಲದ ಅಗ್ಗದ ಜೋರು ಸದ್ದಿನದು ತಂದರೆ ಪಿಯುಸಿ ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳಬಹುದು, ಪೊಲೀಸರ ಕೈಯಲ್ಲೂ.

ಬಿಚ್ಚುವ ಹೊತ್ತಿಗೆ ಎಂಜಿನ್ ಬಾಯಿಯ ಎರಡು ಸ್ಟಡ್ಡುಗಳ ಬಗ್ಗೆ ಎಚ್ಚರ. ಅವಕ್ಕೂ ತುಕ್ಕು ಹಿಡಿದು ನಟ್ಟು ಕಚ್ಚಿರುತ್ತದೆ. ಬಲ ಹಾಕಿ ಪಾನಾ ತಿರುಗಿಸಿದರೆ ಸ್ಟಡ್ ಎಂಜಿನ್ ಹೆಡ್ಡಿನೊಳಗೇ ಮುರಿಯುತ್ತದೆ. ಅಲ್ಲಿಂದ ಐದುನೂರರ ಕೆಲಸ ಐದು ಸಾವಿರಕ್ಕೆ ಹೋಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಹೀಗೆ ಹಿಂದೆ ಮುಂದೆ. ಕಿರ್ ಅಂದರೆ ನಿಲ್ಲಿಸಿ, ಮತ್ತೆ ಎಣ್ಣೆ. ಹಾಕುವಾಗ ಪ್ಯಾಕಿಂಗ್ ಹೊಸದೇ ಆಗಿರಲಿ, ಹಳೆಯದು ಒಮ್ಮೆ ಅಮುಕಿಹೋದ ಮೇಲೆ ಮತ್ತೆ ಕೂರದು.

ಅಳಿಯನ ಸೈಲೆನ್ಸರಿಗೆ ತೇಪೆ ಹಾಕುವ ಜಾಗವೇ ಉಳಿದಿರಲಿಲ್ಲ, ಹೊಸದು ಹಾಕಿಸಿದೆವು. ಗಾಡಿ ಬಂದ ತಕ್ಷಣ ಕವರ್ ಹೊದಿಸಬೇಡ, ಒದ್ದೆಯೂ ಬಿಸಿಯೂ ಆರಲಿ ಅಂದಿದ್ದೆ. ಶನಿವಾರ ಸಂಜೆ ಸಿಹಿನೀರು, ಭಾನುವಾರ ಮಡಗಾಂವ್, ಇದಕ್ಕೂ ಒಪ್ಪಿದ್ದಾನೆ. ನಾಲ್ಕನೇ ದಿನ ಬೆಳಿಗ್ಗೆ ಏಳಕ್ಕೆ ಫೋನು.

"ಮಾಮಾ, ಹೊಸಾ ಸೈಲೆನ್ಸರಿನ ತಳದಾಗಿಂದ ನೀರ ತೊಟ್ಟಿಕ್ಕಾಕತ್ತೈತಿ."

"ತೊಟ್ಟಿಕ್ಕಲಿ ಬಿಡು" ಅಂದೆ. "ಪುಟ್ಟಿ ಡಬ್ಬಿ ಎಲ್ಲೈತಿ?"

"ಮನ್ಯಾಗ ಐತಿ."

"ಬರೋವಾಗ ತಂದು ನನ್ನ ಕೈಯಾಗ ಕೊಡು."